ಚೆಸ್ ಚೆಕ್ಕು, ಬ್ಯಾಂಕ್ ಚೆಕ್ಕು, ಚೆಕ್ಸ್ ಶರ್ಟು: ಎಲ್ಲಾ ಒಂದೇ ಪದನಾ?

ಪ್ರಶ್ನೆ (ಕುದುರೆನಡೆ):
ಮಗಳಿಗೆ ಚೆಸ್ ಹೇಳ್ಕೊಡ್ತಿದ್ದೆ, ರಾಜನಿಗೆ ಕೊಡೋ ಚೆಕ್ಕೂ ಬ್ಯಾಂಕಿಗೆ ಹಾಕೋ ಚೆಕ್ಕೂ ಒಂದೇನಾ ಅಂತ ಕೇಳಿದ್ಲು. ಚೆಕ್‌ಪೋಸ್ಟ್, ಚೆಕ್ಸ್ ಶರ್ಟ್, "ಒಂದ್ಸಲ ಚೆಕ್ ಮಾಡಿ" ಇವೆಲ್ಲ ಒಂದೇ ಮೂಲದ್ದಾ, ಇಲ್ಲಾ ಸುಮ್ನೆ ಹಾಗೆ ಕೇಳ್ಸತ್ತಾ? ಗೊತ್ತಿರೋರು ಹೇಳಿ ಪ್ಲೀಸ್.

ಹಳೇಪದ:
ಎಲ್ಲಾ ಒಂದೇ ಬೇರು, ಚೆಸ್ಸೇ ಮೊದ್ಲು. ಪರ್ಷಿಯನ್‌ನಲ್ಲಿ ಶಾಹ್ ಅಂದ್ರೆ ರಾಜ, ಎದುರಾಳಿ ರಾಜನ ಮೇಲೆ ಕಾಯಿ ಏರಿಸಿದಾಗ "ಶಾಹ್" ಅಂತ ಕೂಗಿ ಎಚ್ಚರಿಸ್ತಿದ್ರು. ಅದು ಅರಬ್ಬರ ಕೈಯಿಂದ ಯುರೋಪಿಗೆ ಹೋಗಿ ಹಳೇ ಫ್ರೆಂಚಲ್ಲಿ ಎಸ್ಚೆಕ್ ಆಯ್ತು, ಇಂಗ್ಲಿಷಲ್ಲಿ ಚೆಕ್ ಆಯ್ತು, ಅದರ ಬಹುವಚನದಿಂದ್ಲೇ ಚೆಸ್ ಅನ್ನೋ ಹೆಸರೂ ಬಂತು. ಚೆಕ್ ಬಿದ್ಮೇಲೆ ಬೇರೆ ಆಟ ಎಲ್ಲಾ ನಿಲ್ಸಿ ರಾಜನ್ನ ಉಳಿಸ್ಕೋಬೇಕಲ್ಲ, ಅಲ್ಲಿಂದ "ತಡೆ" ಅನ್ನೋ ಅರ್ಥ, ಆಮೇಲೆ ತಡೆದು ಸರಿಯಿದ್ಯಾ ಅಂತ ನೋಡೋದು. ಚೆಕ್‌ಮೇಟ್ ಅಂದ್ರೆ "ರಾಜ ಸತ್ತ" ಅಂತ ಎಲ್ಲಾ ಕಡೆ ಬರೀತಾರೆ, ಆದ್ರೆ ಪರ್ಷಿಯನ್ "ಮಾತ್" ಅಂದ್ರೆ ದಿಕ್ಕು ತೋಚದೆ ನಿಂತೋನು, ಸಾಯೋ ಅರ್ಥ ಅರೇಬಿಕ್ಕಿನ ಇನ್ನೊಂದು ಪದದ ಜೊತೆ ಬೆರೆತು ಬಂದಿದ್ದು. ಆಟದಲ್ಲೂ ರಾಜನ್ನ ಯಾರೂ ಹೊಡ್ಯಲ್ವಲ್ಲ.

ಕ್ಯಾಶ್‌ಕೌಂಟರ್:
ದುಡ್ಡಿನ ಕಥೆ ನಂಗೆ ತುಂಬಾ ಇಷ್ಟ. 12ನೇ ಶತಮಾನದ ಇಂಗ್ಲೆಂಡಲ್ಲಿ ರಾಜನ ಖಜಾನೆ ಲೆಕ್ಕಕ್ಕೆ ಸುಮಾರು 10 ಅಡಿ ಉದ್ದ 5 ಅಡಿ ಅಗಲದ ಮೇಜು, ಅದ್ರ ಮೇಲೆ ಗೆರೆ ಎಳ್ದಿರೋ ಕಪ್ಪು ಬಟ್ಟೆ. ಪೆನ್ನಿ ಕಾಸಿಗೊಂದು ಸಾಲು, ಶಿಲ್ಲಿಂಗಿಗೊಂದು, ಪೌಂಡಿಗೊಂದು, ಹೀಗೆ ಬಿಲ್ಲೆ ಇಟ್ಟು ಜಿಲ್ಲಾಧಿಕಾರಿಗಳು ತಂದ ಕಂದಾಯನ ಅವರ ಕಣ್ಮುಂದೇನೇ ಎಣಿಸೋರು. ನೋಡೋಕೆ ಚೆಸ್ ಬೋರ್ಡ್ ಥರ ಇದ್ದಿದ್ರಿಂದ ಆ ಇಲಾಖೆಗೆ ಎಕ್ಸ್‌ಚೆಕರ್ ಅಂತ ಹೆಸರು ಬಿತ್ತು, ಬ್ರಿಟನ್ನಿನ ಹಣಕಾಸು ಮಂತ್ರಿ ಇವತ್ತಿಗೂ ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್. ಚೌಕಳಿ ಬಟ್ಟೆಗೆ ಚೆಕ್ಸ್ ಅನ್ನೋದೂ ಆ ಬೋರ್ಡಿಂದಾನೇ. ಬ್ಯಾಂಕ್ ಚೆಕ್ ಮಾತ್ರ "ತಾಳೆ ನೋಡು" ಅನ್ನೋ ಅರ್ಥದಿಂದ ಬಂದಿದ್ದು, ಮೋಸ ಆಗ್ದಿರ್ಲಿ ಅಂತ ಇಟ್ಕೊಳ್ತಿದ್ದ ಕೌಂಟರ್‌ಫಾಯಿಲ್‌ಗೆ (ಹರಿದು ಕೊಟ್ಮೇಲೆ ಉಳಿಯೋ ತುಂಡು) ಮೊದ್ಲು ಆ ಹೆಸರಿತ್ತು. ಎಕ್ಸ್‌ಚೆಕರ್ ಸ್ಪೆಲಿಂಗ್ ನೋಡಿ ಬ್ರಿಟಿಷರು Q ಅಕ್ಷರ ಹಾಕಿ cheque ಅಂತ ಬರೆಯೋಕೆ ಶುರು ಮಾಡಿದ್ರು, ನಾವೂ ಹಾಗೇ ಬರೀತೀವಿ, ಅಮೆರಿಕದೋರು check ಅನ್ನೋ ಹಳೇ ಸ್ಪೆಲಿಂಗೇ ಇಟ್ಕೊಂಡಿದಾರೆ.

ಕುದುರೆನಡೆ:
ತುಂಬಾ ಥ್ಯಾಂಕ್ಸ್ ಇಬ್ರಿಗೂ, ಮೇಜಿನ ಕಥೆ ಅವಳಿಗೆ ಇವತ್ತೇ ಹೇಳ್ತೀನಿ. ಆದ್ರೆ ಆಟ ಹುಟ್ಟಿದ್ದು ನಮ್ಮಲ್ಲಲ್ವಾ, ಪದ ಯಾಕೆ ಪರ್ಷಿಯಾದ್ದು?

ಹಳೇಪದ:
ನಮ್ಮ ಚತುರಂಗನೂ ಹೋಗಿದೆ, ಪರ್ಷಿಯಾದಲ್ಲಿ ಚತ್ರಂಗ್, ಅರೇಬಿಕ್ಕಲ್ಲಿ ಶತ್ರಂಜ್, ಸ್ಪ್ಯಾನಿಷಲ್ಲಿ ಅಹೆದ್ರೆಸ್. ಇಂಗ್ಲಿಷ್, ಫ್ರೆಂಚ್ ಥರದ ಭಾಷೆಗಳಿಗೆ ರಾಜನ ಹೆಸರು ಅಂಟ್ಕೊಳ್ತು. ಆ ಶಾಹ್ ಕೂಡ ಹೊರಗಿನೋನಲ್ಲ, ಸಂಸ್ಕೃತದ ಕ್ಷತ್ರ, ಕ್ಷತ್ರಿಯ ಪದಗಳಿಗೆ ಸೋದರ ಸಂಬಂಧಿ.