ಫುಟ್‌ಲೈಟ್ಸ್: ಒಂದೇ ಕ್ಲಬ್ಬಿನಿಂದ ಇಷ್ಟು ಜನ ನಗೆಗಾರರು ಹೇಗೆ ಬಂದರು?

ಕಡೇಬೆಂಚು: ನಮಸ್ಕಾರ. ನಾವು ಆರು ಜನ ಸೇರಿ ಕಾಲೇಜಿನಲ್ಲಿ ಹಾಸ್ಯ ತಂಡ ಕಟ್ಟಬೇಕು ಅಂತಿದ್ದೇವೆ. ಜಾನ್ ಕ್ಲೀಸ್, ಹ್ಯೂ ಲಾರಿ, ಎಮ್ಮಾ ಥಾಂಪ್ಸನ್ ಈ ಬ್ರಿಟಿಷ್ ನಟರೆಲ್ಲರೂ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಹಾಸ್ಯ ಕ್ಲಬ್ ಫುಟ್‌ಲೈಟ್ಸ್‌ನವರಂತೆ. ಅಲ್ಲಿ ಅಂಥದ್ದೇನಿದೆ? ಗೊತ್ತಿರುವವರು ಹೇಳುತ್ತೀರಾ?

ಪಾರ್ಕ್‌ಸ್ಟ್ರೀಟ್: ನನ್ನ ಹೆಂಡತಿಯ ಪಿಎಚ್‌ಡಿಗಾಗಿ ಮೂರು ವರ್ಷ ಅಲ್ಲಿದ್ದೆವು. ಆ ಕ್ಲಬ್ಬಿನವರು ಪ್ರದರ್ಶನ ಕೊಡುವ ಎಡಿಸಿ ಥಿಯೇಟರ್ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕ್ಲಬ್ ಶುರುವಾಗಿದ್ದು 1883ರಲ್ಲಿ. ಫುಟ್‌ಲೈಟ್ಸ್ ಅಂದರೆ ರಂಗದ ಅಂಚಿಗೆ ಸಾಲಾಗಿ ಇಡುವ ದೀಪಗಳು. ಈ ಹೆಸರು ಇಡುವ ಮುಂಚೆಯೇ ಹುಡುಗರು ಊರ ಸುತ್ತಮುತ್ತ ಪ್ರದರ್ಶನ ಕೊಡುತ್ತಿದ್ದರು. ಒಮ್ಮೆ ಬಡ ಮಾನಸಿಕ ರೋಗಿಗಳ ಆಸ್ಪತ್ರೆಗೆ ಹೋಗಿ, ಕ್ರಿಕೆಟ್ಟನ್ನೂ ಆಡಿ ಬಂದರು. ನನಗೆ ಈ ಕಥೆ ತುಂಬಾ ಇಷ್ಟ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದೇ ಮಾತು: ಸ್ಮೋಕರ್. ಹಿಂದೆ ಗಂಡಸರು ಹೊಗೆ ಬಿಡುತ್ತಾ ಕೂತು ನೋಡುತ್ತಿದ್ದ ಕಾರ್ಯಕ್ರಮ. ಹೊಗೆ ಹೋಗಿದೆ, ಹೆಸರು ಉಳಿದಿದೆ. ತಡರಾತ್ರಿ ಶುರು. ಆಡಿಷನ್ ಕೊಟ್ಟು ಹೊಸಬರೂ ತಮ್ಮ ಐಟಂ ಮಾಡಬಹುದು. ಒಂದು ರಾತ್ರಿ ಒಬ್ಬ ಹುಡುಗಿ ಕೊಡೆ ಹಿಡಿದು ಬಂದಳು. ಎರಡು ನಿಮಿಷ ಯಾರೂ ನಗಲಿಲ್ಲ. ಆದರೂ ಪೂರ್ತಿ ಮಾಡಿಯೇ ಇಳಿದಳು. ಕೆಲವು ವಾರ ಬಿಟ್ಟು ಅದನ್ನೇ ಮತ್ತೆ ತಂದಳು. ಮಾತು ಅರ್ಧಕ್ಕರ್ಧ ಕತ್ತರಿಸಿದ್ದಳು. ಮೊದಲೇ ಬಿಚ್ಚುತ್ತಿದ್ದ ಕೊಡೆಯನ್ನು ಕೊನೆಯವರೆಗೂ ಬಿಚ್ಚಲಿಲ್ಲ. ಬಿಚ್ಚಿದ್ದೇ ತಡ, ಇಡೀ ಥಿಯೇಟರ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ಅತ್ತುಬಿಟ್ಟೆ, ಅಷ್ಟು ನಕ್ಕಿದ್ದೆ.

ದೊಡ್ಡ ಪ್ರದರ್ಶನ ಜೂನ್‌ನಲ್ಲಿ, ಮೇ ವೀಕ್ ಅಂತ ಕರೆಯುವ ವಾರದಲ್ಲಿ. 1963ರ ಪ್ರದರ್ಶನ ಲಂಡನ್‌ಗೆ ಹೋಯಿತು, ಮರುವರ್ಷ ನ್ಯೂಜಿಲೆಂಡ್‌ಗೆ, ನ್ಯೂಯಾರ್ಕ್‌ನ ರಂಗಭೂಮಿ ಕೇಂದ್ರ ಬ್ರಾಡ್‌ವೇಗೆ. ಕ್ಲೀಸ್ ಆ ತಂಡದವರು. 1981ರಲ್ಲಿ ಲಾರಿ, ಸ್ಟೀಫನ್ ಫ್ರೈ, ಥಾಂಪ್ಸನ್ ಇದ್ದ ತಂಡ ಎಡಿನ್‌ಬರೋದಲ್ಲಿ ಹಾಸ್ಯಕ್ಕೆ ಕೊಡುವ ಪೆರಿಯೇ ಪ್ರಶಸ್ತಿಯನ್ನು ಮೊಟ್ಟಮೊದಲು ಗೆದ್ದಿತು.

ಕಡೇಬೆಂಚು: ತುಂಬಾ ಥ್ಯಾಂಕ್ಸ್ ಸಾರ್. ನಮ್ಮ ತಂಡದಲ್ಲಿ ಮೂವರು ಹುಡುಗಿಯರು. ಅಲ್ಲಿ ಮೊದಲಿಂದಲೂ ಹುಡುಗಿಯರು ಇದ್ದರಾ?

ಮಲ್ಲಿಗೆದಂಡೆ: ಇಲ್ಲಪ್ಪ. 1959ರಲ್ಲಿ ನಟಿ ಎಲಿನಾರ್ ಬ್ರಾನ್ ರಂಗಕ್ಕೇನೋ ಬಂದರು, ಆದರೆ ಹೆಂಗಸರಿಗೆ ಪೂರ್ತಿ ಸದಸ್ಯತ್ವ ಸಿಕ್ಕಿದ್ದು 1964ರಲ್ಲಿ. ಮುಂದೆ ಸ್ತ್ರೀವಾದಿ ಲೇಖಕಿಯಾಗಿ ಹೆಸರಾದ ಜರ್ಮೇನ್ ಗ್ರಿಯರ್ ಮೊದಲ ಸದಸ್ಯೆಯರಲ್ಲಿ ಒಬ್ಬರು. 81 ವರ್ಷ ಬಾಗಿಲು ಹಾಕಿಕೊಂಡಿದ್ದರು ಅಂದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಅಧ್ಯಕ್ಷೆಯಾದ ಮೊದಲ ಹೆಂಗಸು ಜ್ಯಾನ್ ರೇವನ್ಸ್, ಅದೂ 1970ರ ದಶಕದ ಕೊನೆಗೆ. ನಿಮ್ಮ ಹುಡುಗಿಯರಿಗೆ ಸುಮ್ನೆ ಹೆಂಡತಿ ಪಾತ್ರ ಕೊಟ್ಟು ಕೂರಿಸಬೇಡಿ. ಅವರೇ ಬರೆಯಲಿ.

ಕಡೇಬೆಂಚು: ಮೊದಲ ಐಟಂ ಬರೆದಿರೋದೇ ಅವರು ಮೇಡಂ! ಕೆಮಿಸ್ಟ್ರಿ ಲ್ಯಾಬ್ ಪಕ್ಕದ ಖಾಲಿ ರೂಮು ಕೇಳಿದ್ದೇವೆ. ಶುಕ್ರವಾರ ಸಂಜೆ, ಮೂವತ್ತು ಕುರ್ಚಿ.