ಹಂಪಿಯ ಬಿಸಿಲು, ಗೋಕರ್ಣದ ಸೆಕೆ, ಚಿಕ್ಕಮಗಳೂರಿನ ತಂಪು: ಒಂದೇ ಪ್ರವಾಸಕ್ಕೆ ಬಟ್ಟೆ ಹೇಗೆ ಹೊಂದಿಸುವುದು?

ಪುಟ್ಟಿಯಮ್ಮ:

ಎಲ್ಲರಿಗೂ ನಮಸ್ಕಾರ. ಮೇ ಮೊದಲ ವಾರ ಬೆಂಗಳೂರಿನಿಂದ ಕಾರಿನಲ್ಲಿ ಹೊರಡುತ್ತಿದ್ದೇವೆ. ನಾನು, ನಮ್ಮ ಯಜಮಾನರು, 8 ವರ್ಷದ ಮಗಳು, 68 ವರ್ಷದ ಅತ್ತೆ. ಹೊಸಪೇಟೆಯಲ್ಲಿ ಎರಡು ರಾತ್ರಿ ಉಳಿದು ಹಂಪಿ ನೋಡುವುದು. ಆಮೇಲೆ ಬಾದಾಮಿಯಲ್ಲಿ ಎರಡು ರಾತ್ರಿ. ಅಲ್ಲಿಂದ ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಗೋಕರ್ಣಕ್ಕೆ ಇಳಿದು ಎರಡು, ಉಡುಪಿಯಲ್ಲಿ ಒಂದು. ಕೊನೆಗೆ ಆಗುಂಬೆ ಘಾಟಿ ಹತ್ತಿ ಚಿಕ್ಕಮಗಳೂರಿನಲ್ಲಿ ಎರಡು. ಒಟ್ಟು ಒಂಬತ್ತು ರಾತ್ರಿ.

ನಮ್ಮದು ಚಿಕ್ಕ ಕಾರು. ಡಿಕ್ಕಿಯಲ್ಲಿ ಎರಡು ಬ್ಯಾಗ್ ಇಟ್ಟರೆ ಮೂರನೆಯದಕ್ಕೆ ಜಾಗ ಇಲ್ಲ. ಹೋದ ವರ್ಷ ಬರೀ ನಾಲ್ಕು ದಿನಕ್ಕೆ ಹೋಗಿದ್ದಾಗ ದಿನಕ್ಕೆರಡು ಜೊತೆ ಲೆಕ್ಕ ಹಾಕಿ ತುಂಬಿಕೊಂಡಿದ್ದೆ. ಅರ್ಧ ಬಟ್ಟೆ ಮಡಿಕೆ ಬಿಚ್ಚದೆ ವಾಪಸ್ ಬಂತು. ಆದರೂ ಮಗಳಿಗೆ ಬೇಕಾದದ್ದು ಇರಲಿಲ್ಲ. ಬಿಗಿಯಾದ ಲೆಗ್ಗಿಂಗ್ಸ್ ಹಾಕಿಸಿದ್ದೆ, ಸೊಂಟದ ಸುತ್ತ ಎಲಾಸ್ಟಿಕ್ ಇದ್ದ ಕಡೆಯೆಲ್ಲ ಬೆವರುಸಾಲೆ ಎದ್ದು ರಾತ್ರಿಯಿಡೀ ಕೆರೆದುಕೊಂಡಳು. ಆ ರಾತ್ರಿ ನನಗೆ ಇನ್ನೂ ನೆನಪಿದೆ. ಮತ್ತೆ ಹಾಗಾಗಬಾರದು.

ಅತ್ತೆ ಸೀರೆ ಬಿಟ್ಟು ಬೇರೆ ಉಡುವುದಿಲ್ಲ, ದಿನಕ್ಕೊಂದರಂತೆ ಒಂಬತ್ತು ಈಗಾಗಲೇ ತೆಗೆದಿಟ್ಟಿದ್ದಾರೆ. ಯಜಮಾನರು ಮೂರು ಜೀನ್ಸ್ ಸಾಕು ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೆ ಎಷ್ಟು ಜೊತೆ ಇಟ್ಟುಕೊಂಡರೆ ಸಾಕು? ಈ ದಾರಿಯಲ್ಲಿ ಓಡಾಡಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಕುಮಟಾ:

ನಿಮ್ಮ ದಾರಿ ನೋಡಿ ತುಂಬಾ ಖುಷಿಯಾಯಿತು. ನನ್ನ ತವರು ಹುಬ್ಬಳ್ಳಿ, ಗಂಡನ ಮನೆ ಕುಮಟಾ. ಮದುವೆಯಾಗಿ 14 ವರ್ಷ. ಪ್ರತಿ ಮೇ ತಿಂಗಳು ಮಕ್ಕಳ ರಜೆಗೆ ಘಟ್ಟ ಹತ್ತುತ್ತೇನೆ, ಇಳಿಯುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎಷ್ಟು ಜೊತೆ ಅನ್ನುವುದು ಆಮೇಲೆ. ಎಲ್ಲಿ ಒಗೆಯುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ನಮ್ಮ ಕಡೆ ಬೇಸಿಗೆಯಲ್ಲಿ ಝಳ ಅನ್ನುತ್ತೇವೆ. ಕುಮಟಾದಲ್ಲಿ ಸೆಕೆ ಅನ್ನುತ್ತಾರೆ. ಎರಡೂ ಬೇರೆ ಬೇರೆ. ಬಾದಾಮಿಯಲ್ಲಿ ಮೇ ತಿಂಗಳು 40 ಡಿಗ್ರಿ ಮುಟ್ಟುವುದುಂಟು, ಆದರೆ ಗಾಳಿ ಒಣ. ಬೆವರು ಬಂದದ್ದೇ ಆರುತ್ತದೆ, ಒಗೆದ ಅರಿವೆಯೂ ಹಾಗೇ ಆರುತ್ತದೆ. ಗೋಕರ್ಣದಲ್ಲಿ ಬಿಸಿಲು ಅಷ್ಟಿಲ್ಲ, ಆದರೆ ಗಾಳಿಯಲ್ಲೇ ನೀರು. ಮೈಮೇಲಿನ ಬೆವರೂ ಆರುವುದಿಲ್ಲ, ಹಗ್ಗದ ಮೇಲಿನ ಬಟ್ಟೆಯೂ ಆರುವುದಿಲ್ಲ.

ಮದುವೆಯಾದ ಮೊದಲ ಮೇ ತಿಂಗಳು ನನಗೆ ಇದು ಗೊತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಉಡುವ ಹಾಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ನಾಲ್ಕು ದಪ್ಪ ಕಾಟನ್ ಸೀರೆ ಒಯ್ದಿದ್ದೆ. ಕುಮಟಾ ಮುಟ್ಟಿದ ಅರ್ಧ ದಿನಕ್ಕೆ ಗಂಜಿಯೆಲ್ಲ ಮೆತ್ತಗಾಗಿ ಸೀರೆ ಕಾಲಿಗೆ ಅಂಟಿತು. ಒಗೆದು ಹಾಕಿದರೆ ಎರಡು ದಿನ ಕಳೆದರೂ ಸೆರಗಿನ ತುದಿ ತಣ್ಣಗೇ ಇತ್ತು, ಮುಗ್ಗಲು ವಾಸನೆ ಬೇರೆ. ಅತ್ತೆ ಏನೂ ಅನ್ನಲಿಲ್ಲ. ತಮ್ಮ ಪೆಟ್ಟಿಗೆಯಿಂದ ಉಟ್ಟು ಉಟ್ಟು ತೆಳುವಾದ ಒಂದು ವಾಯಿಲ್ ಸೀರೆ ತೆಗೆದು ಕೊಟ್ಟರು. ಬೆಳಗ್ಗೆ ಒಗೆದು ಹಾಕಿದರೆ ಸಂಜೆಗೆ ಆರುತ್ತಿತ್ತು. ಆ ರಜೆಯನ್ನು ಅದೊಂದರಲ್ಲೇ ಕಳೆದೆ.

ಅದಕ್ಕೇ ನನ್ನ ಸಲಹೆ ಇಷ್ಟು. ಒಗೆಯುವುದನ್ನೆಲ್ಲ ಬಾದಾಮಿಯಲ್ಲಿ ಮುಗಿಸಿ ಘಟ್ಟ ಇಳಿಯಿರಿ. ಬಾದಾಮಿಯ ಎರಡನೇ ರಾತ್ರಿ ನಾಲ್ಕು ದಿನದ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದರೆ ಬೆಳಗ್ಗೆ ಮಡಚಿ ಇಡಬಹುದು. ಗೋಕರ್ಣ, ಉಡುಪಿಯಲ್ಲಿ ಒಳಬಟ್ಟೆ ಬಿಟ್ಟು ಏನೂ ಒಗೆಯಬೇಡಿ. ಹೀಗೆ ಮಾಡಿದರೆ ಒಬ್ಬೊಬ್ಬರಿಗೆ ಐದು ಜೊತೆ ಸಾಕು, ಮೈಮೇಲಿನದೂ ಸೇರಿ. ಅತ್ತೆಯವರಿಗೂ ಐದು ಸೀರೆ ಸಾಕಾಗುತ್ತದೆ. ಒಂಬತ್ತರಲ್ಲಿ ತೆಳುವಾದ ಐದನ್ನು ಅವರ ಕೈಯಿಂದಲೇ ಆರಿಸಿಕೊಳ್ಳಲು ಬಿಡಿ, ಗಂಜಿ ಮಾತ್ರ ಬೇಡ.

ಹಂಪಿ, ಬಾದಾಮಿಗೆ ಮೈ ಮುಚ್ಚುವ ಬಟ್ಟೆ ಬೇಕು. ಬಿಸಿಲು ಅಂತ ತೋಳಿಲ್ಲದ ಬಟ್ಟೆ ಹಾಕಿಸಬೇಡಿ. ಹಂಪಿಯಲ್ಲಿ ಬಿಸಿಲು ಮೇಲಿನಿಂದ ಅಷ್ಟೇ ಅಲ್ಲ, ಬಂಡೆಗಳಿಂದಲೂ ಹೊಡೆಯುತ್ತದೆ. ಸಡಿಲವಾದ, ತುಂಬು ತೋಳಿನ ಬಿಳಿ ಅಥವಾ ತಿಳಿ ಬಣ್ಣದ ಕಾಟನ್ ಹಾಕಿದರೆ ಒಳಗೆ ಗಾಳಿ ಆಡುತ್ತದೆ. ಮಗಳಿಗೆ ಮಲ್‌ಮಲ್ ಜುಬ್ಬಾ, ಲಾಡಿ ಕಟ್ಟುವ ಪೈಜಾಮ ಒಳ್ಳೆಯದು. ಲಾಡಿಯಾದರೆ ಎಲಾಸ್ಟಿಕ್‌ನ ಹಾಗೆ ಒತ್ತುವುದಿಲ್ಲ, ಸಡಿಲ ಮಾಡಿಕೊಳ್ಳಬಹುದು. ಮಧ್ಯಾಹ್ನ ರೂಮಿಗೆ ಬಂದ ಕೂಡಲೇ ತಣ್ಣೀರಲ್ಲಿ ಮೈ ತೊಳೆಸಿ ಬಟ್ಟೆ ಬದಲಿಸಿ. ನನ್ನ ಮಕ್ಕಳಿಗೆ ಬೆವರುಸಾಲೆ ನಿಂತದ್ದು ಹೀಗೆ ಮಾಡಿದ ಮೇಲೆ.

ಇನ್ನೊಂದು ಮರೆಯಬೇಡಿ: ದಪ್ಪ ಕಾಟನ್ ಕಾಲುಚೀಲ, ಎಲ್ಲರಿಗೂ ಒಂದೊಂದು ಜೊತೆ. ವಿರೂಪಾಕ್ಷ ದೇವಸ್ಥಾನದಲ್ಲಿ ಚಪ್ಪಲಿ ಹೊರಗೆ ಬಿಟ್ಟು ಅಂಗಳ ದಾಟುವಾಗ ಕಲ್ಲು ಕಾದ ಹೆಂಚಾಗಿರುತ್ತದೆ. ವಯಸ್ಸಾದವರು ಓಡೋಕಾಗಲ್ಲ, ಅಲ್ವಾ?

ಜೀನ್ಸ್ ಬಗ್ಗೆ: ನಿಮ್ಮ ಯಜಮಾನರಿಗೆ ದಯವಿಟ್ಟು ಹೇಳಿ, ಮೂರು ಬೇಡ. ಚಿಕ್ಕಮಗಳೂರಿಗೆ ಅಂತ ಒಂದು ಇರಲಿ.

ಉಡುಪಿಯವ:

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ದೇವಸ್ಥಾನದ ಮಾತು ಸೇರಿಸುತ್ತೇನೆ. ಗೋಕರ್ಣದ ಮಹಾಬಲೇಶ್ವರನ ದರ್ಶನಕ್ಕೆ ಗಂಡಸರು ಪಂಚೆ ಉಟ್ಟು, ಅಂಗಿ ತೆಗೆದು ಹೋಗಬೇಕು. ಉಡುಪಿ ಕೃಷ್ಣ ಮಠದಲ್ಲೂ ಅಂಗಿ, ಬನಿಯನ್ ತೆಗೆಯಬೇಕು. ಹಾಗಾಗಿ ನಿಮ್ಮವರಿಗೆ ಎರಡು ಬಿಳಿ ಪಂಚೆ ಇಡಿ. ದೇವಸ್ಥಾನಕ್ಕೂ ಆಯಿತು, ರಾತ್ರಿ ಮಲಗುವಾಗ ಉಡಲಿಕ್ಕೂ ಆಯಿತು. ನೈಟ್ ಪ್ಯಾಂಟ್ ಹೊರುವ ಕೆಲಸ ಇಲ್ಲ. ನೀವು ಸೀರೆ ಅಥವಾ ಚೂಡಿದಾರ್ ಹಾಕಿದರೆ ಎಲ್ಲಿಯೂ ತೊಂದರೆ ಇಲ್ಲ.

ದಪ್ಪ ಟರ್ಕಿ ಟವೆಲ್ ತರಬೇಡಿ. ನಾಲ್ಕು ಟವೆಲ್ ಅರ್ಧ ಬ್ಯಾಗ್ ತಿನ್ನುತ್ತವೆ, ನಮ್ಮ ಕಡೆ ಒಣಗುವುದೂ ಇಲ್ಲ. ನಾವು ಬೈರಾಸು ಅನ್ನುತ್ತೇವಲ್ಲ, ಆ ತೆಳು ಚೌಕಳಿ ಟವೆಲ್, ಅದನ್ನು ಆರು ತನ್ನಿ. ತಲೆ ಒರೆಸಬಹುದು, ಬಿಸಿಲಿಗೆ ತಲೆಗೆ ಸುತ್ತಬಹುದು, ಕಾರಿನ ಕಿಟಕಿಗೆ ಸಿಕ್ಕಿಸಿದರೆ ಮಗುವಿಗೆ ನೆರಳು.

ಮೇ ತಿಂಗಳಲ್ಲಿ ಆಗುಂಬೆ ಕಡೆ ಸಂಜೆ ಗುಡುಗು ಮಳೆ ಬರಬಹುದು. ಎರಡು ಕೊಡೆ ಕಾರಿನ ಒಳಗೇ ಇರಲಿ, ಡಿಕ್ಕಿಯಲ್ಲಿ ಬೇಡ.

ಪುಟ್ಟಿಯಮ್ಮ:

ಇಬ್ಬರಿಗೂ ತುಂಬಾ ಧನ್ಯವಾದ. ಅತ್ತೆಗೆ ಓದಿ ಹೇಳಿದೆ, ಗಂಜಿಯ ವಿಷಯಕ್ಕೆ ಹೌದು ಹೌದು ಅಂದರು. ಎರಡು ಅನುಮಾನ. ರೂಮಿನ ಬಚ್ಚಲಲ್ಲಿ ನಾಲ್ಕು ಜನರ ಬಟ್ಟೆ ಒಗೆದರೆ ಕೈಯಲ್ಲಿ ಹಿಂಡಿ ನೀರು ಪೂರ್ತಿ ಹೋಗುತ್ತದಾ? ನನ್ನ ಮಣಿಕಟ್ಟು ಸ್ವಲ್ಪ ನೋವಿದೆ. ಮತ್ತೆ ಚಿಕ್ಕಮಗಳೂರಿಗೆ ಸ್ವೆಟರ್ ಬೇಕಾ?

ಹುಬ್ಬಳ್ಳಿ ಕುಮಟಾ:

ಮಣಿಕಟ್ಟು ನೋವಿದ್ದರೆ ಹಿಂಡಲೇಬೇಡಿ. ನಾನು ಮಾಡುವುದು ಹೇಳುತ್ತೇನೆ. ಜಾಲಿಸಿದ ಬಟ್ಟೆಯನ್ನು ನಲ್ಲಿಗೆ ಸಿಕ್ಕಿಸಿ ಹತ್ತು ನಿಮಿಷ ಬಿಡಿ, ಅರ್ಧ ನೀರು ತಾನೇ ಇಳಿಯುತ್ತದೆ. ಆಮೇಲೆ ಒಣ ಬೈರಾಸನ್ನು ನೆಲಕ್ಕೆ ಹಾಸಿ. ಮೇಲೆ ಕುರ್ತಾ ಹಾಸಿ, ತೋಳು ಒಳಗೆ ಮಡಚಿ. ಎರಡನ್ನೂ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ನಿಂತು ಈ ತುದಿಯಿಂದ ಆ ತುದಿಗೆ ನಿಧಾನ ತುಳಿಯಿರಿ. ಬಿಚ್ಚಿದಾಗ ಬೈರಾಸು ಒದ್ದೆಯಾಗಿ ಭಾರ ಆಗಿರುತ್ತದೆ, ಕುರ್ತಾ ಬರೀ ತಂಪು ತಂಪು. ತುಳಿಯುವ ಕೆಲಸ ಮಗಳಿಗೆ ಕೊಡಿ, ನನ್ನ ಮಕ್ಕಳು ಇದಕ್ಕೆ ಜಗಳ ಆಡುತ್ತಾರೆ. ಒಂದು ನೈಲಾನ್ ಹಗ್ಗ, ಹತ್ತು ಕ್ಲಿಪ್ ತಗೊಂಡು ಹೋಗಿ. ಕಿಟಕಿಯ ಸರಳಿನಿಂದ ಬಾಗಿಲ ಚಿಲಕಕ್ಕೆ ಕಟ್ಟಿ ಫ್ಯಾನ್ ಹಾಕಿದರೆ ಸಾಕು.

ಸ್ವೆಟರ್ ಅತ್ತೆಗೆ, ಮಗಳಿಗೆ ಒಂದೊಂದು ತೆಳುವಾದದ್ದು ಇರಲಿ. ನಿಮಗೆ ಒಂದು ಶಾಲು ಸಾಕು. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ನಮ್ಮ ರಾಜ್ಯದಲ್ಲೇ ಎತ್ತರದ ಬೆಟ್ಟ. ಮೇ ತಿಂಗಳಲ್ಲೂ ಮೇಲೆ ಗಾಳಿ ಜೋರು. ಅದೇ ಶಾಲು ಕಾರಿನ ಏಸಿಯಲ್ಲಿ ಅತ್ತೆಯವರ ಮಂಡಿ ಮೇಲೆ ಹೊದಿಸಲಿಕ್ಕೂ ಆಗುತ್ತದೆ.

ಬ್ಯಾಗಿನಲ್ಲಿ ಒಂದು ಗೇಣು ಜಾಗ ಖಾಲಿ ಬಿಡಿ. ಬಾದಾಮಿ ಪಕ್ಕದಲ್ಲೇ ಗುಳೇದಗುಡ್ಡ. ಅಲ್ಲಿಯ ಖಣ, ಅಂದರೆ ರವಿಕೆ ಬಟ್ಟೆ, ನೋಡಿದ ಮೇಲೆ ಅತ್ತೆಯವರು ಬರೀ ಕೈಯಲ್ಲಿ ಬರುವುದಿಲ್ಲ.

ಘಾಟಿ ಸವಾರ:

ಕಾರಿನ ಕಡೆಯಿಂದ ಒಂದು ಮಾತು. ಗಟ್ಟಿ ಸೂಟ್‌ಕೇಸ್ ಬಿಡಿ, ಮೆತ್ತನೆ ಬ್ಯಾಗ್ ತಗೊಳ್ಳಿ. ಡಿಕ್ಕಿಯ ಮೂಲೆಗೆ ಒತ್ತಿ ಕೂರಿಸಬಹುದು. ಆಳಿಗೊಂದು ಬ್ಯಾಗ್ ಮಾಡಬೇಡಿ. ಘಟ್ಟದ ಮೇಲಿನದು ಒಂದು, ಕೆಳಗಿನದು ಒಂದು ಅಂತ ಎರಡೇ ಮಾಡಿ. ಮೊದಲ ನಾಲ್ಕು ರಾತ್ರಿ ಒಂದನ್ನೇ ರೂಮಿಗೆ ಒಯ್ದರಾಯಿತು. ಬಾದಾಮಿಯಲ್ಲಿ ಒಗೆದದ್ದನ್ನು ಕೆಳಗಿನ ಬ್ಯಾಗಿಗೆ ಹಾಕಿ. ಸ್ವೆಟರ್ ಅದರ ತಳದಲ್ಲಿರಲಿ.

ಮಗಳ ಒಂದು ಜೊತೆ ಬಟ್ಟೆ, ಒಂದು ಬೈರಾಸು ಮುಂದಿನ ಸೀಟಿನ ಕೆಳಗೆ ಇಡಿ. ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಾಟಿ ಬರುತ್ತದೆ, ಲಾರಿಗಳ ಹಿಂದೆ ನಿಧಾನ ಇಳಿಯಬೇಕು. ಮಕ್ಕಳಿಗೆ ವಾಂತಿ ಆಗುವುದು ಅಲ್ಲೇ. ಆಗುಂಬೆಯಲ್ಲೂ ತಿರುವು ಜಾಸ್ತಿ. ಘಾಟಿ ನಡುವೆ ನಿಲ್ಲಿಸಿ ಡಿಕ್ಕಿ ತೆಗೆದು ಹುಡುಕೋಕೆ ಜಾಗ ಇರಲ್ಲ.

ಪುಟ್ಟಿಯಮ್ಮ:

ನಿನ್ನೆ ರಾತ್ರಿ ಮನೆ ಸೇರಿದೆವು. ಮೊದಲು ಇಲ್ಲಿ ಬರೆಯಬೇಕು ಅನಿಸಿತು.

ಎರಡೇ ಬ್ಯಾಗ್, ಒಬ್ಬೊಬ್ಬರಿಗೆ ಐದೇ ಜೊತೆ. ಎಲ್ಲೂ ಕಡಿಮೆ ಬೀಳಲಿಲ್ಲ. ಬಾದಾಮಿಯಲ್ಲಿ ರಾತ್ರಿ ಎಂಟೂವರೆಗೆ ಹಗ್ಗ ಕಟ್ಟಿದೆವು. ಮಗಳು ಅಜ್ಜಿಯ ಕೈ ಹಿಡಿದುಕೊಂಡು ಬೈರಾಸಿನ ಸುರುಳಿ ತುಳಿದಳು. ಬೆಳಗ್ಗೆ ಐದಕ್ಕೆ ಎದ್ದು ಮುಟ್ಟಿ ನೋಡಿದರೆ ಸೀರೆ ಕೂಡ ಗರಿಗರಿ ಆರಿತ್ತು. ಗೋಕರ್ಣದಲ್ಲಿ ಮಗಳ ಸಮುದ್ರದ ಫ್ರಾಕ್ ಒಂದನ್ನು ಮಾತ್ರ ಒಗೆದೆ, ರಾತ್ರಿಯಿಡೀ ಫ್ಯಾನ್ ಕೆಳಗಿದ್ದರೂ ಒದ್ದೆ. ಆಗ ನಿಮ್ಮ ಮಾತು ಪೂರ್ತಿ ಅರ್ಥವಾಯಿತು. ಅದನ್ನು ಕವರಿನಲ್ಲಿ ಕಟ್ಟಿ ತಂದು ಚಿಕ್ಕಮಗಳೂರಿನ ಬಿಸಿಲಿಗೆ ಹಾಕಿದೆ.

ಬೆವರುಸಾಲೆ ಒಂದೂ ಇಲ್ಲ. ಲಾಡಿ ಪೈಜಾಮವನ್ನು ಮಗಳು ಮನೆಯಲ್ಲೂ ಬಿಚ್ಚುತ್ತಿಲ್ಲ. ಅರಬೈಲಿನಲ್ಲಿ ಸೀಟಿನ ಕೆಳಗಿನ ಬಟ್ಟೆ ಬೇಕಾಯಿತು, ಆ ಅಣ್ಣನಿಗೆ ವಿಶೇಷ ಧನ್ಯವಾದ. ಕಾಲುಚೀಲ ಮಾತ್ರ ನಾನು ನನಗೆ ಇಟ್ಟುಕೊಂಡಿರಲಿಲ್ಲ, ವಿರೂಪಾಕ್ಷನ ಅಂಗಳದಲ್ಲಿ ಅಂಗಾಲು ಚುರುಗುಟ್ಟಿತು. ಅತ್ತೆ ತಮ್ಮ ಕಾಲುಚೀಲದಲ್ಲಿ ಆರಾಮಾಗಿ ನಡೆದು ಬಂದರು.

ಅವರು ಕೊಂಡ ಗುಳೇದಗುಡ್ಡದ ಖಣ ಎರಡಿದೆ. ಒಂದು ಅವರಿಗೆ, ಒಂದು ನನಗೆ. ಇವತ್ತು ಬೆಳಗ್ಗೆ ಹೊಲಿಯೋಕೆ ಕೊಟ್ಟು ಬಂದೆವು.