ಅಪ್‌ಡೇಟ್: ಸಿಪಿಆರ್ ಪರೀಕ್ಷೆ ಕೊನೆಗೂ ಪಾಸ್!

ಇಎಂಟಿ (ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡೋರು) ತರಬೇತಿಯ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಳಿಸೋಕೆ ನೋಡೋದು) ಪರೀಕ್ಷೇಲಿ ಎರಡು ಸಲ ಫೇಲಾದೆ, ಏನು ಮಾಡ್ಲಿ ಅಂತ ಹೋದ ವಾರ ಕೇಳಿದ್ನಲ್ಲ? ಮೊನ್ನೆ ಪಾಸಾದೆ!

ತೋಳಿಗೆ ಬಲ ಬರಲಿ ಅಂತ ದಂಡ ಹೊಡೆದದ್ದು ದಂಡವೇ ಆಯ್ತು, ಮೈಕೈ ನೋವಷ್ಟೇ ಲಾಭ. ಕೈ ಹಿಡಿದದ್ದು "ಮೊಣಕೈ ಮಡಚಬೇಡಿ, ಭುಜ ನೇರ ಅಂಗೈ ಮೇಲಿರಲಿ" ಅಂದವರ ಮಾತು.

ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ ಒತ್ತಬೇಕಲ್ಲ, ಅದೆರಡೂ ಮೊದಲೇ ಸರಿಯಿತ್ತಂತೆ! ಎಡವಿದ್ದು ಬೇರೆ ಕಡೆ: ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳೋಕೆ ಬಿಡದೆ ವಾಲಿಕೊಂಡೇ ಇರ್ತಿದ್ದೆ. ಹಾಗಾದ್ರೆ ಹೃದಯಕ್ಕೆ ರಕ್ತ ಸರಿಯಾಗಿ ತುಂಬಲ್ಲ. ಸುಸ್ತಾದಷ್ಟೂ ವಾಲೋದು ಜಾಸ್ತಿ. ಎರಡು ನಿಮಿಷಕ್ಕೊಮ್ಮೆ ಒತ್ತೋರು ಬದಲಾಗಬೇಕು ಅನ್ನೋದು ಯಾಕೆ ಅಂತ ಈಗ ಗೊತ್ತಾಯ್ತು.

ಮುಂದಿನ ವಾರದಿಂದ ಆಂಬುಲೆನ್ಸ್ ಡ್ಯೂಟಿ ಕಲಿಕೆ ಶುರು.